ಹದ ತಪ್ಪಿದ ಹಿಮ: ಗುಲ್ಮಾರ್ಗ್‌ಗೆ ಹೋಗಿಬಂದ 17 ಜನರ ಪ್ರಕರಣ

2024ರ ಜನವರಿ 15, ಸಂಕ್ರಾಂತಿ. ಪುಣೆಯಿಂದ ಹೋದ ನಾವು 17 ಜನ ಕನ್ನಡಿಗರು ಬಾಡಿಗೆ ಗಮ್‌ಬೂಟು, ಬಾಡಿಗೆ ಕೋಟು ಹಾಕಿಕೊಂಡು ಕಾಶ್ಮೀರದ ಗುಲ್ಮಾರ್ಗ್‌ನ ಬಯಲಲ್ಲಿ ನಿಂತಿದ್ದೆವು. ಕಾಲ ಕೆಳಗೆ ಒಣಹುಲ್ಲು. ಬಿಸಿಲು ಚುರುಚುರು ಅನ್ನುತ್ತಿತ್ತು. ನಮ್ಮ ಅತ್ತೆ ಕೈಚೀಲದಿಂದ ಕುಸುರೆಳ್ಳಿನ ಡಬ್ಬಿ ತೆಗೆದು ಎಲ್ಲರ ಕೈಗೂ ಒಂದೊಂದು ಚಿಟಿಕೆ ಹಾಕಿದರು. ಆ ಬಯಲಲ್ಲಿ ಬೆಳ್ಳಗಿದ್ದದ್ದು ಆ ಕುಸುರೆಳ್ಳು ಒಂದೇ.

"ಕಡ್ಲಿ ಕಿತ್ತ ಹೊಲಾ ಇದ್ದಂಗ ಐತಲ್ಲವಾ," ಅಂದರು ಅತ್ತೆ. "ಇದಕ್ಕ ಎರಡ ರಾತ್ರಿ ರೈಲಿನ್ಯಾಗ ಕುಂತ ಬಂದ್ವೇನು?"

ಟೂರ್ ಗೊತ್ತು ಮಾಡಿದ್ದು ನಾನು. ದುಡ್ಡು ಕಲೆಕ್ಟ್ ಮಾಡಿದ್ದೂ ನಾನೇ. ಹಾಗಾಗಿ ಎಲ್ಲರೂ ನನ್ನ ಮುಖ ನೋಡಿದರು, ನಾನು ಬೆಟ್ಟದ ಕಡೆ ನೋಡಿದೆ. ಏನಾಯ್ತು, ಯಾಕಾಯ್ತು, ನಾವೆಲ್ಲಿ ಎಡವಿದೆವು ಅನ್ನೋದನ್ನು ಮೊದಲಿನಿಂದ ಬರೆಯುತ್ತೇನೆ, ಯಾಕಂದ್ರೆ "ಜನವರಿಯಲ್ಲಿ ಹಿಮ ನೋಡಿ ಬರೋಣ" ಅಂತ ಹೊರಡುವವರು ಇನ್ನೂ ಬೇಕಾದಷ್ಟು ಜನ ಇದ್ದಾರೆ.

ನಾವು ಕರ್ವೆನಗರ, ವಾರ್ಜೆ ಕಡೆಯ ಐದು ಮನೆಯವರು. ನಾನು ಸಾಗರದವಳು, ಗಂಡನ ಮನೆ ಗದಗ. ಉಳಿದವರಲ್ಲಿ ಧಾರವಾಡ, ಬಾಗಲಕೋಟೆ, ಮಂಗಳೂರು ಎಲ್ಲ ಸೇರಿದೆ. ಮಕ್ಕಳು ಹುಟ್ಟಿದ್ದು ಬೆಳೆದಿದ್ದು ಪುಣೆಯಲ್ಲೇ. ಇಲ್ಲಿಯ ಚಳಿ ಹೇಗೆ ಅಂದರೆ ಡಿಸೆಂಬರ್ ಬೆಳಿಗ್ಗೆ ಸ್ವೆಟರ್ ಹಾಕಿಕೊಂಡು ಹೋದವರು ಹನ್ನೊಂದು ಗಂಟೆಗೆ ಅದನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಾರೆ. ಮಹಾಬಳೇಶ್ವರದ ವೆಣ್ಣಾ ಕೆರೆ ಹತ್ತಿರ ಕೆಲವು ಚಳಿಗಾಲ ಬೆಳಗಿನ ಜಾವ ಇಬ್ಬನಿ ಹೆಪ್ಪುಗಟ್ಟುತ್ತದೆ, ಜೀಪಿನ ಮೇಲೆ ಉಪ್ಪು ಚೆಲ್ಲಿದ ಹಾಗೆ. ಆ ಒಂದು ಹಿಡಿ ಬಿಳುಪು ನೋಡೋಕೆ ನಡುರಾತ್ರಿ ಎದ್ದು ಕಾರು ಓಡಿಸುವವರು ನಾವು. ಅಂಥವರಿಗೆ ಗುಲ್ಮಾರ್ಗ್ ವಿಡಿಯೋ ತೋರಿಸಿದರೆ ಕೇಳಬೇಕಾ?

ಶ್ರಾವಣದ ಒಂದು ಸತ್ಯನಾರಾಯಣ ಪೂಜೆಯ ಊಟದಲ್ಲಿ ತೀರ್ಮಾನ ಆಯ್ತು. ಅತ್ತೆಗೆ 71. ವಿಮಾನ ಬೇಡ ಅಂದರು. ಪುಣೆಯಿಂದ ಜಮ್ಮುವಿಗೆ ನೇರ ಹೋಗುವ ಝೇಲಂ ಎಕ್ಸ್‌ಪ್ರೆಸ್ ಇದೆ. ಆಗ ರೈಲ್ವೆ ಬುಕಿಂಗ್ 120 ದಿನ ಮೊದಲು ತೆರೆಯುತ್ತಿತ್ತು. 17 ಸೀಟು ಒಟ್ಟಿಗೆ ಬೇಕು ಅಂದರೆ ತೆರೆದ ದಿನವೇ ಕೂರಬೇಕು. ಜನವರಿ 8ರ ರೈಲಿಗೆ ಸೆಪ್ಟೆಂಬರ್ 10ಕ್ಕೆ ಟಿಕೆಟ್ ತೆಗೆದೆ. ಇನ್ನೂ ಗಣಪತಿ ಕೂಡ ಬಂದಿರಲಿಲ್ಲ. ಮುಂದೆ ಆದ ಎಲ್ಲದರ ಬೇರು ಈ ತಾರೀಕಿನಲ್ಲೇ ಇದೆ. ಹವಾಮಾನದವರು ಒಂದು ವಾರದ ಮಾತನ್ನು ನೆಚ್ಚಿಗೆ ಬರುವ ಹಾಗೆ ಹೇಳಬಲ್ಲರು, ನಾಲ್ಕು ತಿಂಗಳ ಮುಂದಿನ ಒಂದು ದಿನ ಹಿಮ ಬೀಳುತ್ತಾ ಅಂತ ಯಾರೂ ಹೇಳಲಾರರು. ನಾವು ಮಾತ್ರ ಗೋಡೆಯ ಕ್ಯಾಲೆಂಡರ್ ನೋಡಿ ಹೇಳಿಬಿಟ್ಟೆವು.

ಜಮ್ಮುವಿನಿಂದ ಮುಂದಿನದು ಪುಣೆಯ ಒಬ್ಬ ಟೂರ್ ಏಜೆಂಟ್ ಮೂಲಕ. ತಲೆಗೆ 24,000, ಒಟ್ಟು 4,08,000 ರೂಪಾಯಿ. ಅವರು ಕೊಟ್ಟ ಹಾಳೆಯಲ್ಲಿ ಐದನೇ ದಿನ "ಹಿಮದಲ್ಲಿ ಆಟ" ಅಂತ ಬರೆದಿತ್ತು, ಪಕ್ಕದಲ್ಲಿ ಮೊಣಕಾಲುದ್ದ ಹಿಮದ ಫೋಟೋ. ಯಾವ ವರ್ಷದ ಫೋಟೋ ಅಂತ ಕೇಳುವ ಬುದ್ಧಿ ನನಗೆ ಬರಲಿಲ್ಲ.

ಸೂಚನೆಗಳು ಇರಲಿಲ್ಲ ಅಂತಲ್ಲ. ಡಿಸೆಂಬರ್‌ನಲ್ಲಿ ಸ್ವೆಟರ್ ಕೊಳ್ಳಲು ಹೋದಾಗ ಅಂಗಡಿ ಹಾಕಿದ್ದ ಟಿಬೆಟಿಯನ್ ಹೆಂಗಸು ಮುಂಡಗೋಡದವಳು. ನಾವು ಕನ್ನಡದಲ್ಲಿ ಚೌಕಾಸಿಯ ಗುಟ್ಟು ಮಾತಾಡುವುದನ್ನೆಲ್ಲ ಕೇಳಿಸಿಕೊಂಡು ಕೊನೆಗೆ ಕನ್ನಡದಲ್ಲೇ ಉತ್ತರ ಕೊಟ್ಟಳು! "ಈ ಸಲ ಥಂಡಿ ಇಲ್ಲ ಅಕ್ಕಾ, ಮಾಲು ಹಂಗೇ ಐತಿ" ಅಂದಳು. ಅದು ಪುಣೆಯ ಮಾತು, ಕಾಶ್ಮೀರದ್ದಲ್ಲ, ಬಿಡಿ. ಆದರೆ ಡಿಸೆಂಬರ್ 30ಕ್ಕೆ ನನ್ನ ತಮ್ಮನ ಮಗ ಬೋಳು ಗುಡ್ಡದ ವಿಡಿಯೋ ಕಳಿಸಿ "ಅತ್ತೆ, ಇದು ನಿಮ್ಮ ಗುಲ್ಮಾರ್ಗ್, ಇವತ್ತಿಂದು" ಅಂತ ಬರೆದಿದ್ದ. ಏಜೆಂಟ್‌ಗೆ ಫೋನ್ ಮಾಡಿದೆ. "ಮೇಡಂ, ಜನವರಿಯಲ್ಲಿ ಅಲ್ಲಿ ಹಿಮ ಇಲ್ಲ ಅಂದ್ರೆ ಇನ್ನೆಲ್ಲಿ ಇರುತ್ತೆ?" ಅಂದರು. ನನಗೂ ಅದೇ ಉತ್ತರ ಬೇಕಿತ್ತು, ಸುಮ್ಮನಾದೆ. ಆ ವಿಡಿಯೋ ಗುಂಪಿಗೆ ಕಳಿಸಲಿಲ್ಲ. ಇದನ್ನು ನಾನು ತಪ್ಪು ಅಂತ ಒಪ್ಪಿಕೊಂಡಿದ್ದೇನೆ, ಐದೂ ಮನೆಯವರ ಮುಂದೆ.

ರೈಲು ಹೊರಟ ಮಾರನೇ ದಿನ ಕಾಶ್ಮೀರದ ರಾಜಕಾರಣಿ ಒಮರ್ ಅಬ್ದುಲ್ಲಾ ಹಾಕಿದ ಪೋಸ್ಟ್ ಎಲ್ಲರ ಫೋನಿಗೂ ಬಂತು. ಚಳಿಗಾಲದಲ್ಲಿ ಇಷ್ಟು ಒಣಗಿದ ಗುಲ್ಮಾರ್ಗ್ ನಾನು ನೋಡಿಯೇ ಇಲ್ಲ ಅಂತ, ಹಿಂದಿನ ವರ್ಷಗಳ ಬಿಳಿ ಫೋಟೋ ಜೊತೆಗಿಟ್ಟು ಬರೆದಿದ್ದರು. ಆಗ ಶುರುವಾದ ಗುಸುಗುಸು ಜಮ್ಮುವರೆಗೂ ನಿಲ್ಲಲಿಲ್ಲ.

ಒಂದು ತಮಾಷೆ ಹೇಳಲೇಬೇಕು. ಕನ್ನಡದಲ್ಲಿ ನಾವು ಇಬ್ಬನಿಯ ಮುಸುಕಿಗೂ ಮಂಜು ಅಂತೀವಿ, ಹಿಮಕ್ಕೂ ಮಂಜು ಅಂತೀವಿ. "ಮಂಜು ನೋಡಾಕ ಹೊಂಟೀವಿ" ಅಂತ ಊರಿಗೆಲ್ಲ ಹೇಳಿ ಹೊರಟಿದ್ದ ಅತ್ತೆಗೆ ಮಂಜು ಸಿಕ್ಕಿತು, ಜಮ್ಮುವಿನಲ್ಲಿ. ಪಂಜಾಬಿನ ದಾರಿಯಲ್ಲಿ ಮಂಜು ಕವಿದು ರೈಲು ಗಂಟೆಗಟ್ಟಲೆ ತಡ. ಜಮ್ಮುವಿನಲ್ಲಿ ಇಳಿದಾಗ ಎದುರಿನ ಆಟೋ ಕಾಣುತ್ತಿರಲಿಲ್ಲ, ಹಲ್ಲು ಕಟಕಟ. ತಂದ ಬಟ್ಟೆಯೆಲ್ಲ ಮೈಮೇಲೆ ಹಾಕಿಕೊಂಡೆವು. ಮರುದಿನ ಬನಿಹಾಲ್ ಸುರಂಗ ದಾಟಿ ಕಣಿವೆಗೆ ಇಳಿದರೆ ಆಕಾಶ ತೊಳೆದಿಟ್ಟ ಹಾಗಿತ್ತು. ಮಧ್ಯಾಹ್ನದ ಬಿಸಿಲಿಗೆ ಶ್ರೀನಗರದಲ್ಲಿ ಒಂದೊಂದೇ ಪದರ ಕಳಚಿದೆವು. ಬಯಲು ಸೀಮೆಯ ಜಮ್ಮುವಿಗಿಂತ ಬೆಟ್ಟದ ಮೇಲಿನ ಶ್ರೀನಗರ ಹಗಲಲ್ಲಿ ಬೆಚ್ಚಗೆ! ರಾತ್ರಿ ಮಾತ್ರ ನಲ್ಲಿ ನೀರು ಕಟ್ಟಿಕೊಳ್ಳುವ ಚಳಿ. ಝೇಲಂ ನದಿ ಇಳಿದುಹೋಗಿ ದಡದ ಕೆಸರು ಕಾಣುತ್ತಿತ್ತು. ನಾವು ಬಂದ ರೈಲಿನ ಹೆಸರೂ ಅದೇ ಅಂತ ಯಾರೋ ನೆನಪಿಸಿದರು, ಯಾರೂ ನಗಲಿಲ್ಲ.

ಗುಲ್ಮಾರ್ಗ್‌ಗೆ ಹತ್ತುವ ಮೊದಲು ತಂಗ್‌ಮಾರ್ಗ್‌ನಲ್ಲಿ ಗಾಡಿ ನಿಂತಿತು. ಬೂಟು ಮತ್ತು ಕೋಟಿನ ಬಾಡಿಗೆ ಅಂಗಡಿಗಳು ಸಾಲಾಗಿವೆ. ಹಿಮ ಇಲ್ಲ ಅಂತ ಅವರಿಗೂ ಗೊತ್ತು, ನಮಗೂ ಗೊತ್ತು. ಆದರೂ ಡ್ರೈವರ್ "ತಗೊಳ್ಳಿ, ಮೇಲೆ ಇರಬಹುದು" ಅಂದ. ಒಂದು ಜೊತೆಗೆ 350ರಂತೆ 17 ಜನಕ್ಕೆ 5,950 ಕೊಟ್ಟೆವು. ಆ ಅಂಗಡಿಯವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಇಡೀ ವರ್ಷದ ದುಡಿಮೆ ಈ ಎರಡು ಮೂರು ತಿಂಗಳಲ್ಲಿ ಆಗಬೇಕು.

ಮೇಲೆ ಬಂದರೆ, ಮೊದಲೇ ಹೇಳಿದೆನಲ್ಲ, ಹುಲ್ಲು. ಗೊಂಡೋಲಾ ಅನ್ನೋ ರೋಪ್‌ವೇಯಲ್ಲಿ ಮೊದಲ ಹಂತ ಕೊಂಗ್‌ಡೋರಿಗೆ ಹೋದೆವು, ಅಲ್ಲೂ ಮಣ್ಣು. ಧೈರ್ಯ ಇದ್ದ ಆರು ಜನ ಎರಡನೇ ಹಂತ ಹತ್ತಿ 3,900 ಮೀಟರ್‌ಗೂ ಮೇಲಿನ ಅಫರ್ವಟ್‌ಗೆ ಹೋದರು. ಅಲ್ಲಿ ಬಂಡೆ ಸಂದಿಯಲ್ಲಿ ತೇಪೆ ಹಚ್ಚಿದ ಹಾಗೆ ಹಿಮ ಇತ್ತಂತೆ. ಹುಡುಗರು ಅದನ್ನೇ ಕೆರೆದು ಉಂಡೆ ಕಟ್ಟಿ ಫೋಟೋ ತೆಗೆಸಿಕೊಂಡರು. ಉಂಡೆಯಲ್ಲಿ ಅರ್ಧ ಕಲ್ಲು.

ಕೆಳಗೆ ಕುಳಿತಿದ್ದ ನಾವು ಒಬ್ಬ ಸ್ಲೆಡ್ಜ್ ಎಳೆಯುವವನ ಜೊತೆ ಮಾತಿಗೆ ಬಿದ್ದೆವು. ಮೂವತ್ತು ವರ್ಷ ಇರಬಹುದು. ಮರದ ಬಂಡಿಯನ್ನು ಹುಲ್ಲಿನ ಮೇಲೆ ಬೋರಲು ಹಾಕಿ ಅದರ ಮೇಲೆ ಕೂತಿದ್ದ. ಅವನ ಹಿಂದಿಯನ್ನು ನನ್ನ ಗಂಡ ಅತ್ತೆಗೆ ಕನ್ನಡದಲ್ಲಿ ಹೇಳುತ್ತಾ ಹೋದರು. ಅವರಲ್ಲಿ ಚಳಿಗಾಲಕ್ಕೆ ಲೆಕ್ಕ ಇದೆ. ಡಿಸೆಂಬರ್ 21ರಿಂದ ಜನವರಿ 29ರವರೆಗೆ 40 ದಿನ ಚಿಲ್ಲೈ ಕಲಾನ್, ಅಂದರೆ ದೊಡ್ಡ ಚಳಿ. ಆಮೇಲೆ 20 ದಿನ ಚಿಲ್ಲೈ ಖುರ್ದ್, ಸಣ್ಣದು. ಕೊನೆಗೆ 10 ದಿನ ಚಿಲ್ಲೈ ಬಚ್ಚಾ, ಚಳಿಯ ಮರಿ. ಆ ಮೊದಲ 40 ದಿನದಲ್ಲಿ ಬಿದ್ದ ಹಿಮ ಗಟ್ಟಿಯಾಗಿ ಕೂರುತ್ತದೆ, ಮೇಲಿನ ಬೆಟ್ಟದಲ್ಲಿ ಬೇಸಿಗೆವರೆಗೂ ಉಳಿದು ನಿಧಾನ ಕರಗಿ ಹಳ್ಳಕ್ಕೆ ನೀರು ಕೊಡುತ್ತದೆ. ಫೆಬ್ರುವರಿ ಮಾರ್ಚಿನಲ್ಲಿ ಎಷ್ಟೇ ಬಿದ್ದರೂ ಬಿಸಿಲು ಏರಿರುತ್ತದೆ, ಬೇಗ ಹರಿದುಹೋಗುತ್ತದೆ. "ನಿಮಗೆ ಈ ಸಲ ಆಟ ಹೋಯಿತು, ನಮಗೆ ಜೂನ್ ತಿಂಗಳ ನೀರು ಹೋಗುತ್ತೆ" ಅಂದ.

ನಾವು ಸಿಟಿಯವರು ಅಯ್ಯೋ ಅಂದೆವು. ಅತ್ತೆ ಮಾತ್ರ ತಲೆ ಅಲ್ಲಾಡಿಸಿದರು. "ಮಳಿ ಬರೂದಲ್ಲ, ಹದಕ್ಕ ಬರಬೇಕು. ರೋಹಿಣಿ ಮಳಿ ಬಂದ್ರ ಓಣಿ ತುಂಬ ಜ್ವಾಳ ಅಂತೀವಿ. ಅದs ಮಳಿ ಜ್ವಾಳಾ ಕೊಯ್ಯೂವಾಗ ಬಂದ್ರ ತೆನಿ ಕರ್ರಗ. ಅವಂಗ ಹೇಳು, ನಮ್ಮಲ್ಲೂ ಹಿಂಗs." ಗಂಡ ಅದನ್ನು ಹಿಂದಿಗೆ ತಿರುಗಿಸುವಾಗ ತೊದಲಿದರು, ಹದ ಅನ್ನೋದಕ್ಕೆ ಅವರಿಗೆ ಹಿಂದಿ ಮಾತು ಸಿಗಲಿಲ್ಲ. ಆದರೂ ಅವನಿಗೆ ಅರ್ಥ ಆಯ್ತು. ಅತ್ತೆ ಉಳಿದ ಕುಸುರೆಳ್ಳನ್ನು ಡಬ್ಬಿ ಸಮೇತ ಅವನಿಗೇ ಕೊಟ್ಟರು. ಅವನ ನಂಬರ್ ತೆಗೆದುಕೊಂಡೆವು.

ಇನ್ನು ಯಾಕಾಯ್ತು ಅನ್ನೋದು. ವಾಪಸ್ ಬಂದ ಮೇಲೆ ಕೂತು ಓದಿದೆ.

ನಮ್ಮ ತಲೆಯಲ್ಲಿ ಇದ್ದದ್ದು ಒಂದೇ ಲೆಕ್ಕ: ಚಳಿ ಇದ್ದರೆ ಹಿಮ. ಚಳಿ ಇತ್ತು, ರಾತ್ರಿ ಸೊನ್ನೆಗಿಂತ ಎಷ್ಟೋ ಕೆಳಗೆ. ಆದರೆ ಫ್ರೀಜರ್ ಆನ್ ಇದ್ದರೆ ಸಾಕಾ, ಟ್ರೇಗೆ ನೀರು ಹಾಕುವವರು ಬೇಡವಾ? ಕಾಶ್ಮೀರಕ್ಕೆ ಚಳಿಗಾಲದಲ್ಲಿ ಆ ನೀರು ಬರುವುದು ನಮ್ಮ ಅರಬ್ಬಿ ಸಮುದ್ರದ ಮುಂಗಾರಿನಿಂದ ಅಲ್ಲ. ಮೆಡಿಟರೇನಿಯನ್ ಕಡೆ ಹುಟ್ಟುವ ಗಾಳಿಯ ಸುಳಿಗಳು ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಹಿಮಾಲಯಕ್ಕೆ ಬಡಿಯುತ್ತವೆ. ಇದಕ್ಕೆ ವೆಸ್ಟರ್ನ್ ಡಿಸ್ಟರ್ಬೆನ್ಸ್ ಅಂತಾರೆ. ಚಳಿಗಾಲದಲ್ಲಿ ತಿಂಗಳಿಗೆ ನಾಲ್ಕರಿಂದ ಆರು ಬರೋದು ರೂಢಿ. ಆ ವರ್ಷ ಡಿಸೆಂಬರ್, ಜನವರಿಯಲ್ಲಿ ಜೋರಾಗಿ ಬಡಿದದ್ದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಪೆಸಿಫಿಕ್ ಸಾಗರ ಮಾಮೂಲಿಗಿಂತ ಬಿಸಿಯಾಗುವ ಎಲ್ ನಿನೋ ಕೂಡ ಇತ್ತು. ನೆಲದಿಂದ 12 ಕಿಲೋಮೀಟರ್ ಮೇಲೆ ಗಂಟೆಗೆ 250ರಿಂದ 320 ಕಿಲೋಮೀಟರ್ ವೇಗದ ಜೆಟ್ ಗಾಳಿ ಉತ್ತರ ಭಾರತದ ಮೇಲೆ ಬೀಸುತ್ತಾ ತಣ್ಣನೆ ಗಾಳಿಯನ್ನು ಕೆಳಗೆ ಒತ್ತುತ್ತಿದೆ ಅಂತ ಹವಾಮಾನ ಇಲಾಖೆ ಆ ಜನವರಿಯಲ್ಲೇ ಹೇಳಿತ್ತು. ಗಾಳಿ ಕಲಕುವ ಸುಳಿ ಬಾರದೆ ಬಯಲಲ್ಲಿ ಮಂಜು ಕವಿದು ಕೂತಿತು, ಬೆಟ್ಟದಲ್ಲಿ ಮೋಡವಿಲ್ಲದೆ ಬಿಸಿಲು. ಅಂದರೆ ನಮಗೆ ಸಿಕ್ಕ ಜಮ್ಮುವಿನ ಮಂಜು, ಸಿಗದ ಗುಲ್ಮಾರ್ಗ್‌ನ ಮಂಜು, ಎರಡಕ್ಕೂ ಕಾರಣ ಒಂದೇ! ಇದು ಗೊತ್ತಾದಾಗ ನನಗೆ ಏನೋ ಒಂದು ಸಮಾಧಾನ.

ಒಂದು ವರ್ಷ ಹೀಗಾಯ್ತು ಅಂತ ಎಲ್ಲವನ್ನೂ ಭೂಮಿ ಬಿಸಿಯಾಗಿದ್ದರ ತಲೆಗೆ ಕಟ್ಟೋದು ಸರಿಯಲ್ಲ, ಹಿಂದೆಯೂ ಒಣ ಚಳಿಗಾಲ ಬಂದಿವೆ. ಆದರೆ ಬಿಸಿಯ ಪಾತ್ರ ಬೇರೆ ಥರ ಇದೆ. ಮೇಲೆ ಹೋದ ಹಾಗೆ ಪ್ರತಿ 1,000 ಮೀಟರ್‌ಗೆ ಸುಮಾರು ಆರೂವರೆ ಡಿಗ್ರಿ ತಂಪಾಗುತ್ತದೆ. ಹಾಗಾಗಿ ಗಾಳಿ ಒಂದೇ ಡಿಗ್ರಿ ಬಿಸಿಯಾದರೂ ಮಳೆ ಎಲ್ಲಿ ನಿಂತು ಹಿಮ ಎಲ್ಲಿ ಶುರುವಾಗುತ್ತೋ ಆ ಗೆರೆ 150 ಮೀಟರ್‌ನಷ್ಟು ಮೇಲೆ ಸರಿಯುತ್ತದೆ. 2,650 ಮೀಟರ್ ಎತ್ತರದ ಗುಲ್ಮಾರ್ಗ್ ತಡೆದುಕೊಂಡೀತು, 2,200 ಮೀಟರ್‌ನ ಶಿಮ್ಲಾಗೆ ಅದೇ ಒಂದು ಡಿಗ್ರಿ ಹಿಮವನ್ನು ಮಳೆ ಮಾಡಿಬಿಡಬಹುದು. ಮುಂದಿನ ವರ್ಷದ ಕಥೆಯೂ ಚೆನ್ನಾಗಿರಲಿಲ್ಲ. 2025ರ ಫೆಬ್ರುವರಿಯಲ್ಲಿ ಗುಲ್ಮಾರ್ಗ್‌ನಲ್ಲಿ ಆಗಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಆಟಗಳನ್ನು ಹಿಮ ಸಾಲದೆ ಮಾರ್ಚ್‌ಗೆ ಮುಂದೂಡಿದರು. ಆ ಫೆಬ್ರುವರಿಯಲ್ಲೇ ಅನಂತನಾಗ್ ಜಿಲ್ಲೆಯ ಅಚಬಲ್ ಮೊಘಲ್ ತೋಟದ ಚಿಲುಮೆ ಬತ್ತಿತು. ಬೆಟ್ಟಗಳ ಅಧ್ಯಯನ ಮಾಡುವ ಕಠ್ಮಂಡುವಿನ ಐಸಿಮೋಡ್ ಸಂಸ್ಥೆ ಹೇಳಿದ್ದು, ಆ ಚಳಿಗಾಲ ಹಿಂದೂಕುಷ್ ಹಿಮಾಲಯದ ನೆಲದ ಮೇಲೆ ಹಿಮ ಉಳಿದದ್ದು ಮಾಮೂಲಿಗಿಂತ ಶೇಕಡಾ 23.6 ಕಡಿಮೆ, 23 ವರ್ಷದಲ್ಲೇ ಕನಿಷ್ಠ. ಎಷ್ಟು ಬಿತ್ತು ಅನ್ನೋದಕ್ಕಿಂತ ಎಷ್ಟು ದಿನ ಉಳಿಯಿತು ಅನ್ನೋ ಲೆಕ್ಕ ಇದು. ಸ್ಲೆಡ್ಜ್ ಹುಡುಗ ಹೇಳಿದ್ದೂ ಅದನ್ನೇ ಅಲ್ವಾ?

ಇಲ್ಲಿ ಪುಣೆಗೆ ಸಂಬಂಧಪಟ್ಟ ಒಂದು ಮಾತು ಬಿಟ್ಟರೆ ನನಗೆ ನಿದ್ದೆ ಬರಲ್ಲ. ಶಿವಾಜಿನಗರದಲ್ಲಿ ಶಿಮ್ಲಾ ಆಫೀಸ್ ಚೌಕ ಇದೆ. ಎಷ್ಟೋ ವರ್ಷ ಆ ಕಡೆ ಓಡಾಡಿದ್ದೇನೆ, ಪುಣೆಯಲ್ಲಿ ಶಿಮ್ಲಾ ಎಲ್ಲಿಂದ ಬಂತು ಅಂತ ಯೋಚಿಸಿರಲಿಲ್ಲ. ಅದು ಹವಾಮಾನ ಇಲಾಖೆಯ ಕಟ್ಟಡ. ಇಲಾಖೆಯ ಮುಖ್ಯ ಕಚೇರಿ ಮೊದಲು ಕಲ್ಕತ್ತಾದಲ್ಲಿ, ಆಮೇಲೆ ಶಿಮ್ಲಾದಲ್ಲಿ ಇತ್ತು. 1928ರಲ್ಲಿ ಪುಣೆಗೆ ಬಂತು, ಹೆಸರು ಗಂಟುಮೂಟೆ ಜೊತೆ ಬಂದುಬಿಟ್ಟಿತು. 1944ರಲ್ಲಿ ಮುಖ್ಯ ಕಚೇರಿ ದಿಲ್ಲಿಗೆ ಹೋದರೂ ಜನ ಹೆಸರು ಬಿಡಲಿಲ್ಲ.

ಇಲಾಖೆಯ ಹಳೆಯ ಕಥೆ ನಮಗೆ ಇನ್ನೂ ಹತ್ತಿರ. 1876-78ರ ಭೀಕರ ಬರ ಬಳ್ಳಾರಿ, ಧಾರವಾಡ, ಮೈಸೂರು ಸೀಮೆಯನ್ನೆಲ್ಲ ಹಿಂಡಿತು. ಆಗ ಧಾತು, ಈಶ್ವರ ಸಂವತ್ಸರ. ಅದಾದ ಮೇಲೆ ಮಳೆಯ ಮುನ್ಸೂಚನೆ ಕೊಡಿ ಅಂತ ಸರ್ಕಾರ ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್ ಅವರನ್ನು ಕೇಳಿತು. ಅವರು ನೋಡಿದ್ದು ಎಲ್ಲಿಗೆ? ಹಿಮಾಲಯದ ಹಿಮದ ಕಡೆಗೆ. ಚಳಿಗಾಲ, ವಸಂತದಲ್ಲಿ ಅಲ್ಲಿ ಹಿಮ ಜಾಸ್ತಿ ಬಿದ್ದರೆ ಮುಂದಿನ ಮುಂಗಾರು ಸೊರಗುತ್ತದೆ ಅನ್ನೋದು 1884ರಲ್ಲಿ ಅವರು ಬರೆದ ಲೆಕ್ಕ. 1886ರಲ್ಲಿ ಕೊಟ್ಟ ಮೊದಲ ದೀರ್ಘಾವಧಿ ಮುನ್ಸೂಚನೆಯೂ ಹಿಮದ ಆಧಾರದ ಮೇಲೆಯೇ. ಈಗ ಲೆಕ್ಕ ಅಷ್ಟು ಸರಳ ಉಳಿದಿಲ್ಲ, ಸಮುದ್ರದ ಬಿಸಿಯಿಂದ ಹಿಡಿದು ಇನ್ನೂ ಹತ್ತಾರು ಸಂಗತಿ ಸೇರಿವೆ. ಆದರೂ ಗದಗದ ಹೊಲಕ್ಕೂ ಆ ಬೆಟ್ಟಕ್ಕೂ ನಂಟು ಇದೆ ಅಂತ ನೂರನಲವತ್ತು ವರ್ಷ ಹಿಂದೆ ಒಬ್ಬರು ಕಾಗದದ ಮೇಲೆ ಹುಡುಕುತ್ತಿದ್ದರು. ಅತ್ತೆ ಹುಲ್ಲಿನ ಮೇಲೆ ಕೂತು ಐದು ನಿಮಿಷದಲ್ಲಿ ಕಂಡುಕೊಂಡದ್ದು ಬೇರೆ ದಾರಿಯಲ್ಲಿ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ, ಹೇಳಿಕೊಳ್ಳುವಂಥದ್ದೇನಿಲ್ಲ. ಏಜೆಂಟ್ "ಹಿಮಕ್ಕೆ ನಾವು ಗ್ಯಾರಂಟಿ ಬರೆದುಕೊಟ್ಟಿದ್ದೀವಾ?" ಅಂದರು. ಬರೆದಿರಲಿಲ್ಲ, ನಿಜ. ಮೂರು ವಾರ ಜಗ್ಗಾಡಿ ತಲೆಗೆ 1,200 ವಾಪಸ್ ಕೊಟ್ಟರು. ಮಂಗಳೂರಿನ ಮನೆಯವರು ಇವತ್ತಿಗೂ ನನ್ನ ಜೊತೆ ಟೂರ್ ಮಾತೆತ್ತಲ್ಲ. ಈಗ ನಮ್ಮ ನಿಯಮ ಇಷ್ಟೇ: ರೈಲಿನ ಟಿಕೆಟ್ ಮೊದಲು ತೆಗೆದರೂ ಮುಂದಿನ ಹೋಟೆಲು, ಗಾಡಿಗೆ ಪೂರ್ತಿ ಮುಂಗಡ ಕೊಡಲ್ಲ. ಹೊರಡುವ ವಾರ ಅಲ್ಲಿಯ ಅವತ್ತಿನ ವಿಡಿಯೋ ಮತ್ತು ಮುನ್ಸೂಚನೆ ಎರಡನ್ನೂ ಎಲ್ಲರಿಗೂ ಕಳಿಸಬೇಕು, ಕೆಟ್ಟ ಸುದ್ದಿ ಇದ್ದರೂ. ಹಾಳೆಯಲ್ಲಿ "ಹಿಮದಲ್ಲಿ ಆಟ" ಅಂತ ಇದ್ದರೆ ಅದನ್ನು ನಾನೇ ಪೆನ್ನಿನಿಂದ ಹೊಡೆದುಹಾಕುತ್ತೇನೆ.

ನಾವು ಪುಣೆಗೆ ಮರಳಿ ಹತ್ತು ದಿನ ಆಗಿತ್ತು ಅಷ್ಟೇ. ಜನವರಿ ಕೊನೆಗೆ ಸುಳಿ ಬಂತು, ಗುಲ್ಮಾರ್ಗ್‌ನಲ್ಲಿ ಹಿಮ ಸುರಿಯಿತು. ಚಿಲ್ಲೈ ಕಲಾನ್ ಮುಗಿಯುವ ಹೊತ್ತಿಗೆ! ಫೆಬ್ರುವರಿಯಲ್ಲಿ ಇನ್ನೂ ಬಿತ್ತು, 21ರಿಂದ ಆ ವರ್ಷದ ಖೇಲೋ ಇಂಡಿಯಾ ಆಟಗಳೂ ನಡೆದವು. ನಾವು ನಿಂತಿದ್ದ ಅದೇ ಬಯಲು ಸೊಂಟದ ತನಕ ಹಿಮ ಹೊದ್ದ ವಿಡಿಯೋಗಳು ಒಂದರ ಹಿಂದೆ ಒಂದು ಬಂದವು. ಮಕ್ಕಳು ಹೊಟ್ಟೆ ಉರಿಸಿಕೊಂಡರು. ಅತ್ತೆ ಅಡುಗೆಮನೆಯಿಂದ ಬಂದು ನೋಡಿ, "ಆ ಹುಡುಗಗ ಫೋನ್ ಹಚ್ಚು, ಬಂಡಿ ಎಳ್ಯಾಕ ಹತ್ಯಾನೇನ ಕೇಳು" ಅಂದರು.

ಹಚ್ಚಿದೆವು. ಗಲಾಟೆಯ ನಡುವೆ ಎತ್ತಿದ. ಕೆಲಸ ಶುರುವಾಗಿದೆ, ಆದರೆ ಜನವರಿಯಲ್ಲಿ ಬುಕಿಂಗ್ ರದ್ದು ಮಾಡಿದವರೆಲ್ಲ ಮತ್ತೆ ಬಂದಿಲ್ಲ ಅಂದ. ಅಮ್ಮಾಜಿ ಹೇಗಿದ್ದಾರೆ ಅಂತ ಕೇಳಿದ. ಅತ್ತೆ ಸ್ಪೀಕರ್ ಹತ್ತಿರ ಬಾಗಿ ಕನ್ನಡದಲ್ಲೇ ಕೇಳಿದರು, "ನಿಮ್ಮೂರ ಹಳ್ಳಕ್ಕ ನೀರ ಬಂತೇನಪಾ?" ಗಂಡ ಹಿಂದಿಯಲ್ಲಿ ಹೇಳಿದರು. ಅವನು ನಕ್ಕ. ಈಗಲೇ ಹೇಗೆ ಹೇಳಲಿ, ಜೂನ್‌ನಲ್ಲಿ ಕೇಳಿ ಅಂದ.

ಅತ್ತೆ ಗೋಡೆಯ ಕ್ಯಾಲೆಂಡರ್ ಇಳಿಸಿ ಜೂನ್ ಹಾಳೆ ತೆಗೆದು ನನ್ನ ಕೈಗೆ ಪೆನ್ನು ಕೊಟ್ಟರು. "ಮಿರಗದ ಮಳಿ ಕೂಡೂ ದಿನಾ ಎಲ್ಲೈತಿ ನೋಡು. ಅದರ ಮಗ್ಗಲಕ್ಕ ಬರಿ, ಹಳ್ಳ ಅಂತ."